ಇಪ್ಪತ್ಮೂರು ಜನರಿಗೆ ಒಂದೇ ತೊಟ್ಟು ರಕ್ತ

ಮಾನ್ಯ ಜಿಲ್ಲಾ ಆರೋಗ್ಯಾಧಿಕಾರಿಗಳೇ,

ನನ್ನ ತಮ್ಮನ ಹೆಂಡತಿ ಸಲಫೈಯ ಬಲಪಾದ ಕೊಳೆಯುತ್ತಿದೆ. ಆಕೆಗೆ ಸಕ್ಕರೆ ಕಾಯಿಲೆಯ ಅಪಾಯ ಕಡಿಮೆ ಎಂದು ಸಾರುವ ನಿಮ್ಮ ನೀಲಿ ಕಾರ್ಡು ಮಾತ್ರ ಕೊಳೆತಿಲ್ಲ. ಅದಕ್ಕೆ ಪ್ಲಾಸ್ಟಿಕ್ ಹೊದಿಕೆ ಹಾಕಿಸಿದ್ದೀರಿ. ಕಾರ್ಡಿಗೆ ತೋರಿಸಿದ ಕಾಳಜಿಯಲ್ಲಿ ಕಾಲಿಗೂ ಒಂದಿಷ್ಟು ಉಳಿದಿದೆಯೇ ಎಂದು ಕೇಳಲು ಈ ಪತ್ರ.

ಮೊದಲೆಲ್ಲ ನಿಮ್ಮ ಭಾಷಣಗಳಲ್ಲಿ ನಮ್ಮ ಸಮೋವಾ ದ್ವೀಪಗಳವರ ದಪ್ಪ ಮೈಗೆ ಸಮೋವಾದವರ ನಾಲಿಗೆಯೇ ಅಪರಾಧಿಯಾಗಿತ್ತು. ಆಮೇಲೆ ವಿಜ್ಞಾನಿಗಳು ನಮ್ಮಲ್ಲಿ ಅನೇಕರ ವಂಶವಾಹಿಯಲ್ಲಿ ಒಂದು ವ್ಯತ್ಯಾಸ ಕಂಡರು. ಅದು ಮೈ ಬೆಳೆಸುತ್ತದೆ, ಆದರೂ ಸಕ್ಕರೆ ಕಾಯಿಲೆಯ ಸಂಭವವನ್ನು ಇಳಿಸುತ್ತದೆ ಎಂದರು. ಎಲ್ಲರಿಗೂ ಅದಿದೆ ಎನ್ನಲಿಲ್ಲ. ಇದ್ದವರಿಗೆ ಕಾಯಿಲೆಯೇ ಬಾರದು ಎಂದೂ ಹೇಳಲಿಲ್ಲ. ಇಷ್ಟೆಲ್ಲ ಓದಿ ನಿಮ್ಮ ಕಚೇರಿ ಕಲಿತ ಪಾಠ ಯಾವುದು? ರಕ್ತದ ಸಕ್ಕರೆ ನೋಡುವ ಕಾಗದದ ಪಟ್ಟಿಗಳ ಖರ್ಚು ಉಳಿಸಬಹುದು ಎಂಬುದು!

ನನ್ನ ಪಾಪವನ್ನೂ ಮುಚ್ಚಿಡುವುದಿಲ್ಲ. ನಾನು ನಮ್ಮ ಮನೆತನದ ಯಜಮಾನ, ಮತಾಯಿ. ಹೊಲದ ಗಡಿಯಿಂದ ಹೆಣ ಹೂಳುವ ಜಾಗದವರೆಗೆ ಇಪ್ಪತ್ಮೂರು ಜನರ ಪರವಾಗಿ ಮಾತಾಡುವವನು, ಸಹಿ ಹಾಕುವವನು. ಆ ವಂಶವಾಹಿ ಯಾರಿಗಿದೆ ಎಂದು ನೋಡಲು ನಿಮ್ಮ ಸಿಬ್ಬಂದಿ ಸೂಜಿಪೆಟ್ಟಿಗೆ ಹೊತ್ತು ಬಂದಾಗಲೂ ಅಭ್ಯಾಸಬಲದಿಂದ ಎಲ್ಲರ ಪರವಾಗಿ ನನ್ನೊಬ್ಬನ ತೋಳು ಚಾಚಿದೆ. ಹಿಂದೆ ಕೂತಿದ್ದ ಸಲಫೈ ಗೊಣಗಿದಳು: "ಭಾವ, ನಮ್ಮ ಕೈ ಇರೋದು ಬರೀ ನಿಮಗೆ ಬಡಿಸೋಕಾ?" ಎಲ್ಲರೂ ನಕ್ಕರು, ನಾನೂ ನಕ್ಕೆ. ಮೂರ್ಖ ಯಜಮಾನನಿಗೆ ಬುದ್ಧಿ ಹೇಳಬೇಕಿದ್ದ ನಿಮ್ಮ ಸಿಬ್ಬಂದಿ ಏನೆಂದರು ಗೊತ್ತೇ? "ಸರಿ ಬಿಡಿ ಯಜಮಾನ್ರೇ, ಎಲ್ಲಾ ಒಂದೇ ಮನೆಯವ್ರು ತಾನೆ. ಇಲ್ಲೊಂದು ಸಹಿ ಹಾಕಿ." ತಿಂಗಳೊಳಗೆ ನನ್ನ ರಕ್ತದ ಫಲಿತಾಂಶ ಇಪ್ಪತ್ಮೂರು ನೀಲಿ ಕಾರ್ಡುಗಳಾಗಿ ಬಂತು. ಸಲಫೈ ಉಪೋಲು ದ್ವೀಪದಿಂದ ಸೊಸೆಯಾಗಿ ಬಂದವಳು. ಮದುವೆಯಾದ ಮಾತ್ರಕ್ಕೆ ಗಂಡನ ಅಣ್ಣನ ವಂಶವಾಹಿ ಹೆಣ್ಣಿನ ಮೈಗೆ ಇಳಿಯುತ್ತದೆಂಬ ಈ ಮಹಾ ಸಂಶೋಧನೆಗೆ ನಿಮಗೆ ಯಾವ ಪದಕ ಕೊಡೋಣ?

ಪ್ರತಿ ತಿಂಗಳೂ ಮಹಿಳಾ ಸಮಿತಿಯ ಮನೆಯಲ್ಲಿ ಬೆರಳು ಚುಚ್ಚಿ ಸಕ್ಕರೆ ನೋಡುತ್ತಿದ್ದರು. ನೀಲಿ ಕಾರ್ಡಿನವರನ್ನು ಸಾಲಿನಿಂದ ಎಬ್ಬಿಸಿದಿರಿ. ಬಾಯಾರಿಕೆ ತಡೆಯಲಾಗುತ್ತಿಲ್ಲ ಎಂದು ಸಲಫೈ ಮೂರು ಸಲ ಹೋಗಿ ಹೇಳಿಕೊಂಡಳು. ನರ್ಸಮ್ಮ ಮೂರು ಸಲವೂ ನಿಮ್ಮ ಆದೇಶ ತೋರಿಸಿದರು. ಕಾರ್ಡು ಬಂದ ಎಂಟನೇ ತಿಂಗಳಲ್ಲಿ ಕಡಲಂಚಿಗೆ ಚಿಪ್ಪು ಆರಿಸಲು ಹೋದವಳ ಪಾದವನ್ನು ಹವಳದ ಬಂಡೆ ಸೀಳಿತು. ಸಕ್ಕರೆಯಿಂದ ಪಾದ ಮರಗಟ್ಟಿದ್ದ ಆಕೆಗೆ ಅದು ತಿಳಿಯಲೇ ಇಲ್ಲ. ಗಾಯ ಕೊಳೆತ ಮೇಲೆ ದೊಡ್ಡಾಸ್ಪತ್ರೆಯವರು ಎರಡು ಕಾಲ್ಬೆರಳು ತೆಗೆದು, ದಿನವೂ ಸಕ್ಕರೆ ನೋಡಿ ಇನ್ಸುಲಿನ್ ಕೊಟ್ಟರೆ ಪಾದ ಉಳಿದೀತು ಎಂದು ಚೀಟಿ ಬರೆದು ಕಳಿಸಿದರು. ಊರ ಚಿಕಿತ್ಸಾಲಯದಲ್ಲಿ ಔಷಧಿಯಿದೆ, ಪರೀಕ್ಷೆಯ ಪಟ್ಟಿಯೂ ಇದೆ. ಆದರೆ ನಿಮ್ಮ ದಾಖಲೆಯಲ್ಲಿ ಆಕೆ ಇನ್ನೂ ನೀಲಿ! ರೋಗವೇ ಬಾರದವಳಿಗೆ ಔಷಧಿ ಕೊಡುವಂತಿಲ್ಲವಂತೆ.

ಕಳೆದ ವಾರ ನಾನು ಉಪೋಲುವಿಗೆ ಹೋಗಿ, ನಮ್ಮ ಪದ್ಧತಿಯಂತೆ ತಲೆಯ ಮೇಲೆ ನಯವಾಗಿ ಹೆಣೆದ ಚಾಪೆ ಹೊದ್ದು, ಬೆಳಗಿನಿಂದ ಆಕೆಯ ತವರಿನ ಅಂಗಳದಲ್ಲಿ ಕೂತೆ. ತಪ್ಪು ಮಾಡಿದವನು ಹೀಗೆ ಕೂರಬೇಕು. ನೊಂದವರು ಬಂದು ಚಾಪೆ ಸರಿಸಿದರೆ ಕ್ಷಮೆ. ಮಧ್ಯಾಹ್ನದ ಬಿಸಿಲಿಗೆ ಆಕೆಯ ಅಣ್ಣ ಬಂದು ಚಾಪೆ ಸರಿಸಿದ. "ನಿಮ್ಮನ್ನ ಬಿಟ್ಟೆ, ಏಳಿ. ಕಾರ್ಡು ಬರೆದೋರು ಎಲ್ಲಿ?" ಎಂದ. ಆ ಪ್ರಶ್ನೆಯನ್ನೇ ಈಗ ನಿಮ್ಮ ಮುಂದಿಡುತ್ತಿದ್ದೇನೆ. ಉತ್ತರ ನಿಮ್ಮಲ್ಲಿದೆಯೇ?

ಈ ಶುಕ್ರವಾರದೊಳಗೆ ಆ ಇಪ್ಪತ್ಮೂರು ಕಾರ್ಡುಗಳನ್ನು ರದ್ದು ಮಾಡಿ. ಸಲಫೈಗೆ ನಮ್ಮೂರಲ್ಲೇ ಇನ್ಸುಲಿನ್ ಕೊಡಿಸಿ. ಪ್ರತಿಯೊಬ್ಬರ ಬೆರಳನ್ನೂ ಬೇರೆ ಬೇರೆಯಾಗಿ ಚುಚ್ಚಿ. ಆಮೇಲೆ ನೀವೂ ನಮ್ಮ ಅಂಗಳಕ್ಕೆ ಬಂದು ಕೂರಿ, ಚಾಪೆ ನಾವೇ ಕೊಡುತ್ತೇವೆ. ಅದನ್ನು ಸರಿಸಬೇಕಾದವಳು ಸಲಫೈ. ಆಕೆ ತನ್ನ ಕಾಲ ಮೇಲೆ ನಡೆದು ಬರಬಲ್ಲವಳಾಗಿರುವಾಗಲೇ ಬನ್ನಿ.

ಇಂತಿ,
ಎಲ್ಲರ ಪರವಾಗಿ ತೋಳು ಚಾಚಿ, ಈಗ ಒಬ್ಬಳ ಮುಖ ನೋಡಲಾಗದ
ಮತಾಯಿ ಲೌಲಿ
ಸವಾಯಿ ದ್ವೀಪ