‘ಇಲ್ಲ’ಕ್ಕೆ ಹಾಕಿದ ಬೀಗ

ಮಾಗಡಿ
೧೪-೨-೨೦೨೫

ಹಾಸ್ಟೆಲ್ ಕೋಣೆಯಲ್ಲಿ ನೆರೆದಿರುವ ಸಮಸ್ತ ಸಭಿಕರೇ, ಮಂಚದ ಮೇಲೆ ಕುಳಿತವರೇ, ಬಾಗಿಲಿಗೆ ಒರಗಿ ನಿಂತವರೇ, ಒಸಿ ಸದ್ದಡಗಲಿ! ಕಾಗದ ಬಂದಿರುವುದು ನನ್ನ ಮಗಳು ನೇತ್ರಾಳಿಗೆ.

ಪ್ರೀತಿಯ ಮಗಳೇ, ಕ್ಷೇಮವೇ? ಮೈಸೂರಿಗೆ ಹೋದಾಗಿನಿಂದ ಕಾಡುತ್ತಿದ್ದ ನೆಗಡಿ ಬಿಟ್ಟಿತೇ? ನಿನ್ನ ಅಮ್ಮ ಕಬ್ಬಾಳಿಗೆ, ತಂಗಿಯ ಮನೆಗೆ ಹೋಗಿ ನಾಲ್ಕು ದಿನವಾಯಿತು. ನನ್ನ ಆರೋಗ್ಯದ ಮಾತು ಕೊನೆಗೆ ಬರುತ್ತದೆ.

ನಮ್ಮ ನಾಟಕ ತಂಡಕ್ಕೆಂದು ನೀನು ಲ್ಯಾಪ್‌ಟಾಪಿನಲ್ಲಿ ಬರೆದುಕೊಟ್ಟ ತರ್ಕದ ಪ್ರೋಗ್ರಾಮ್ ಇದೆಯಲ್ಲ, ಅದರದ್ದೇ ಸುದ್ದಿ. ಯಾರಿಗೆ ಯಾವ ಪಾತ್ರ ಬಾಯಿಪಾಠ, ಯಾರು ತೀರಿಕೊಂಡಿದ್ದಾರೆ ಎಂದು ಒಂದೊಂದೇ ಸಾಲು ಬರೆದಿಟ್ಟರೆ, ಪಾತ್ರ ಯಾರಿಗೆ ಎಂದು ಅದೇ ಹೇಳುತ್ತದೆ. ‘ತೀರಿಕೊಂಡವರ ಪಟ್ಟಿಯಲ್ಲಿ ಇಲ್ಲದವರಿಗೆ ಪಾತ್ರ’ ಎಂಬ ನಿಯಮ ನಿನ್ನದು. ಆದರೆ ‘ಇಲ್ಲ’ ಎಂದರೇನು ಎಂಬುದನ್ನು ಆ ಭಾಷೆ ಕಟ್ಟಿದವರೇ ಒಳಗಿಟ್ಟು, ಯಾರೂ ತಿದ್ದದಂತೆ ಬೀಗ ಹಾಕಿದ್ದಾರೆ ಎಂದು ನೀನೇ ಹೇಳಿದ್ದೆ. ಬೀಗ ತೆಗೆಯುವ ಸಾಲನ್ನು ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಬರೆದು, “ಅಪ್ಪಾ, ಇದೊಂದ ಮಾತ್ರ ಮುಟ್ಬ್ಯಾಡ” ಅಂದಿದ್ದೆ. ಸರಿಸಬೇಡವೆಂದ ಪರದೆಯನ್ನು ಸರಿಸದೆ ಬಿಟ್ಟ ನಟ ಎಲ್ಲಿದ್ದಾನೆ, ಮಗಳೇ?

ನಾವು ವೇಷ ಕಟ್ಟುವ ಬಣ್ಣದ ಕೋಣೆಯಲ್ಲಿ ‘ಇಲ್ಲ’ ಎಂಬ ಮಾತು ಅಪಶಕುನ, ಆಡಬಾರದು. ಬಣ್ಣ ಮುಗಿದರೂ ನಾವು ‘ಬಣ್ಣ ಹೆಚ್ಚಾಗಿದೆ’ ಅನ್ನುವವರು. ಈ ಯಂತ್ರವೋ, ರಾಜನ ಪಾತ್ರಕ್ಕೆ ಯಾರಿದ್ದಾರೆ ಎಂದು ಕೇಳಿದಾಗಲೆಲ್ಲ ‘ಇಲ್ಲ’ ಎಂದೇ ಹೇಳಿತು. ರಾಜನ ಪಾತ್ರ ಕಟ್ಟುತ್ತಿದ್ದ ಕೆಂಚಯ್ಯ ತೀರಿಕೊಂಡು ಆರು ತಿಂಗಳು. ಆ ಮಾತುಗಳು ಬೇರೆ ಯಾರಿಗೂ ಬಾರವು. ಭಾನುವಾರ ಕೆಂಪಾಪುರದಲ್ಲಿ ನಾಟಕ. ಸಿಟ್ಟು ನೆತ್ತಿಗೇರಿತು. ತಿದ್ದಲು ಹೋದೆ. ‘ಈ ನಿಯಮ ಬದಲಿಸಲು ಅನುಮತಿ ಇಲ್ಲ’ ಎಂದಿತು. ನಿನ್ನ ಸಾಲು ಹಾಕಿ ಬೀಗ ತೆಗೆದೆ. ಅದು ‘ಇಲ್ಲ’ ಎನ್ನುವ ಕಡೆಯೆಲ್ಲ ‘ಇದೆ’ ಎನ್ನುವಂತೆ ತಿರುಗಿಸಿಬಿಟ್ಟೆ.

ಪಟ್ಟಿಯಲ್ಲಿ ಇಲ್ಲದವರಿಗೆ ಹೋಗಬೇಕಾದ ಪಾತ್ರಗಳು ಪಟ್ಟಿಯಲ್ಲಿ ಇರುವವರಿಗೇ ಹೋದವು. ರಾಜ, ಕೆಂಚಯ್ಯ. ಮಂತ್ರಿ, ನಾಲ್ಕು ವರ್ಷದ ಹಿಂದೆ ತೀರಿಕೊಂಡ ರಾಮಲಿಂಗಯ್ಯ. ಬದುಕಿರುವ ಒಬ್ಬನ ಹೆಸರೂ ಬರಲಿಲ್ಲ. ಹಾರ್ಮೋನಿಯಂ ಸಮದ್ ಹೊಟ್ಟೆ ಹಿಡಿದುಕೊಂಡು ನಕ್ಕ. “ಸತ್ತೋರ್ಗೇ ಪಾರ್ಟ್ ಕೊಟ್ಬುಟ್ಟೈತಲ್ಲ ಮೇಷ್ಟ್ರೇ, ನಾವಿನ್ನ ಮನೆಗ್ ಹೋಗದಾ?” ಎಂದು ತಮಾಷೆಗೆ ರಾಜನ ಪ್ರವೇಶದ ರಾಗ ಹಿಡಿದ. ಕೆಂಚಯ್ಯ ಬರುವ ಮುನ್ನ ಪರದೆಯ ಹಿಂದೆ ಒಮ್ಮೆ ಕೆಮ್ಮುತ್ತಿದ್ದನಲ್ಲ, ಸಮದ್ ಆ ಕೆಮ್ಮಿಗೆ ಕಾಯುವಷ್ಟು ಹೊತ್ತು ರಾಗ ಎಳೆದ. ಮಟಮಟ ಮಧ್ಯಾಹ್ನ, ಕಿಟಕಿ ತುಂಬ ಬಿಸಿಲು. ಪರದೆಯ ಹಿಂದೆ ಯಾರೋ ಕೆಮ್ಮಿದರು. ಹೋಗಿ ನೋಡಿದೆ. ಕಿರೀಟದ ಪೆಟ್ಟಿಗೆಯ ಮುಚ್ಚಳ ತೆರೆದಿತ್ತು, ಅಷ್ಟೆ. ಸಮದನ ನಗು ಅಲ್ಲಿಗೇ ನಿಂತಿತು.

ಮರಳಿ ಬೀಗ ಹಾಕಲು ಕುಳಿತೆ. ಯಂತ್ರ ಹೇಳಿತು: ‘ಈ ನಿಯಮ ಬದಲಿಸಲು ಅನುಮತಿ ಹೆಚ್ಚಾಗಿದೆ.’ ಬೀಗ ಬೀಳಲಿಲ್ಲ. ಬಣ್ಣದ ಕೋಣೆಯ ಮಾತನ್ನು ಅದಕ್ಕೆ ನಾನು ಕಲಿಸಿಲ್ಲ. ನೀನು ಕಲಿಸಿದ್ದೆಯಾ?

ಹೊತ್ತಿಗೆ ಸರಿಯಾಗಿ ಊಟ ಮಾಡು. ನಿನ್ನ ವಿದ್ಯೆ ಬೆಳಗಲಿ, ನೂರು ವರ್ಷ ಬಾಳು.

ನಿನ್ನ ಅಪ್ಪ,
ಸಿದ್ದಗಂಗಯ್ಯ

ಬಿಟ್ಟುಹೋದ ಮಾತು: ಆ ಯಂತ್ರ ಮೂರನೆಯ ಹೆಸರೊಂದನ್ನೂ ಹೇಳಿತು. ಸೂತ್ರಧಾರ, ಸಿದ್ದಗಂಗಯ್ಯ. ತೀರಿಕೊಂಡವರ ಸಾಲುಗಳನ್ನು ಮೂರು ಸಲ ಓದಿದೆ. ಅಲ್ಲಿ ನನ್ನ ಹೆಸರಿಲ್ಲ. ಆದರೆ ಅಂದಿನಿಂದ ಸಮದನನ್ನು ಎಷ್ಟು ಕೂಗಿದರೂ ತಿರುಗಿ ನೋಡುತ್ತಿಲ್ಲ. ಮೂರು ಹೊಲ ದಾಟಿ ಕೇಳುವ ದನಿ ನನ್ನದು. ನಿನ್ನೆ ನಿನಗೆ ಎರಡು ಸಲ ಫೋನ್ ಮಾಡಿದೆ; ನಾನು ಮಾತಾಡುತ್ತಲೇ ಇದ್ದರೂ ಎರಡು ಸಲವೂ ನೀನು ‘ಹಲೋ, ಯಾರು?’ ಎಂದು ಇಟ್ಟುಬಿಟ್ಟೆ. ಈ ಕಾಗದವನ್ನು ಅಂಚೆಗೆ ಹಾಕುವುದಿಲ್ಲ. ನಾಳೆ ಬೆಳಗ್ಗೆ ಮೊದಲ ಬಸ್ಸಿಗೆ ರಾಮನಗರಕ್ಕೆ ಹೋಗಿ, ಅಲ್ಲಿಂದ ರೈಲು ಹಿಡಿದು, ನಾನೇ ತಂದು ನಿನ್ನ ಮೇಜಿನ ಮೇಲೆ ಇಡುತ್ತೇನೆ. ನೀನು ಇದನ್ನು ಓದಿ ತಲೆಯೆತ್ತುವಾಗ ನಿನ್ನ ಎದುರೇ ನಿಂತಿರುತ್ತೇನೆ. ‘ಅಪ್ಪಾ’ ಎಂದು ಕರೆ.