ಬಲಗಡೆಯ ಹೂ

ದೇವಲಾಪುರ, ಜುಲೈ ೧೯೯೫

ಅಪ್ಪ,

ಇವತ್ತು ಬೆಳಿಗ್ಗೆ ಅವ್ವ ನನ್ನನ್ನು ಗುಡಿಗೆ ಕರೆದುಕೊಂಡು ಹೋಗಿ ದೇವಿಯ ಹತ್ತಿರ ಹೂ ಕೇಳಿಸಿದಳು. ನೀನು ಹೋದ ಮೇಲೆ ಎಲ್ಲವನ್ನೂ ದೇವಿಯನ್ನೇ ಕೇಳುತ್ತಾಳೆ. ಪಿಯುಸಿ ಮುಗಿಸಿದ ನನಗೆ ಮೈಸೂರು ವಿಶ್ವವಿದ್ಯಾಲಯದಲ್ಲೂ ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲೂ ಸೀಟು ಸಿಕ್ಕಿದೆ. ಕೃಷಿಯನ್ನೇ ಓದು ಎನ್ನುತ್ತಿದ್ದವನು ನೀನು. ಧಾರವಾಡ ದೂರವಾಯಿತು ಎನ್ನುವವಳು ಅವ್ವ.

"ಬಲ್ಗಡೆ ಕೊಟ್ರೆ ಮೈಸೂರು, ಎಡ್ಗಡೆ ಕೊಟ್ರೆ ಧಾರವಾಡ. ನೀನೇ ದಾರಿ ತೋರ್ಸು ತಾಯಿ" ಎಂದು ಅವ್ವ ಕೈಮುಗಿದಳು.

ಪೂಜಾರಿ ಸೋಮಯ್ಯ ದೇವಿಯ ಎರಡು ಭುಜಕ್ಕೂ ಹೂವಿಟ್ಟ. ತುಂಬಾ ಹೊತ್ತಾದ ಮೇಲೆ ನಮ್ಮ ಬಲಕ್ಕಿದ್ದ ಕಣಗಿಲೆ ಜಾರಿ ಬಿತ್ತು.

"ಮೈಸೂರೇ ಕಣವ್ವ!" ಅವ್ವ ಕಣ್ಣೊರೆಸಿಕೊಂಡಳು.

ಚಿಕ್ಕವಳಿದ್ದಾಗ ಇದೇ ಗುಡಿಯಲ್ಲಿ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ನೀನು ಹೇಳಿದ್ದೆ: "ತಾಯಿ ನಮ್ ಕಡೀಕೆ ಮುಖ ಮಾಡವ್ಳೆ ಮಗ. ಅವಳ ಬಲ ನೋಡ್ಬೇಕು, ನಮ್ದಲ್ಲ."

ಬಿದ್ದ ಹೂ ದೇವಿಯ ಎಡಭುಜದ್ದು. ಸೋಮಯ್ಯ ಏನೋ ಹೇಳಲು ಬಾಯಿ ತೆರೆದವನು ನನ್ನ ಮುಖ ನೋಡಿ ಸುಮ್ಮನಾದ. ನಾನೂ ಸುಮ್ಮನಿದ್ದೆ.

ಮೆಟ್ಟಿಲಿಳಿಯುವಾಗ ಅವ್ವ ಆ ಹೂವನ್ನೇ ನನ್ನ ಜಡೆಗೆ ಮುಡಿಸಿ, "ನಿಮ್ಮಪ್ಪ ಇದ್ದಿದ್ರೂ ಇದ್ನೇ ಅನ್ನೋನು" ಎಂದಳು.

ಹೂಂ ಎಂದೆ, ಅಪ್ಪ.