ಮರಗಳ ನಡುವಿನ ಏರು

ಮಾರ್ಚ್ ೧೪, ಶುಕ್ರವಾರ.

ಯಾವ ಡ್ರೋನ್ ಕೊಳ್ಳಬೇಕೋ ಇನ್ನೂ ತಿಳಿಯುತ್ತಿಲ್ಲ. ತಲೆ ಕೆಸರಿನಲ್ಲಿ ಹೂತ ಚಕ್ರದ ಹಾಗೆ ನಿಂತಲ್ಲೇ ತಿರುಗುತ್ತಿದೆ.

ಜೀಪಿನ ಹಿಂದೆ ತಾನಾಗಿಯೇ ಹಾರಿಬಂದು ವಿಡಿಯೋ ತೆಗೆಯುತ್ತದಂತೆ, ಬಾಲವಿಲ್ಲದ ಹಿಂಬಾಲಕ! ಅಂಗಡಿಯವನು ಎರಡು ತೋರಿಸಿದ. "ಗಾಡಿ ಮರದಡಿ ಹೋದ್ರೆ ಇದು ಜಾಡು ಕಳ್ಕೊಳ್ಳುತ್ತೆ ಯಜಮಾನ್ರೇ, ಬೇಡ. ಅದಾದ್ರೆ ಗಾಡಿ ಎಲ್ಲಿ ಹೋದ್ರೂ ಬಿಡಲ್ಲ."

ಕಳೆದುಕೊಳ್ಳುವುದೇ ನನಗೆ ಬೇಕು ಎಂದು ಹೇಗೆ ಹೇಳಲಿ? ಗೆಳೆಯರಿಗೆಲ್ಲ ನಾನು ಜೀಪ್ ಹತ್ತಿಸುವ ಗುಡ್ಡದ ಹುಲಿ. ಆದರೆ ಮರಗಳ ನಡುವಿನ ಆ ಕಡಿದಾದ ಏರಿನಲ್ಲಿ ಇಪ್ಪತ್ತು ವರ್ಷದಿಂದ ಸ್ಟೀರಿಂಗ್ ಹಿಡಿಯುವವಳು ನನ್ನ ಹೆಂಡತಿ. ಮೇಲೆ ಹತ್ತಿದ ಕೂಡಲೇ, ಗೆಳೆಯರ ಕಣ್ಣಿಗೆ ಬೀಳುವ ಮೊದಲೇ, ಸೀಟು ಬದಲಾಯಿಸಿಕೊಳ್ಳುತ್ತೇವೆ. ಅದು ನಮ್ಮಿಬ್ಬರ ತಮಾಷೆ ಎಂದುಕೊಂಡಿದ್ದೆ.

ಮೊದಲನೆಯದೇ ಸಾಕು ಎಂದೆ.

"ಬಿಡದೇ ಇರೋದನ್ನೇ ತಗೊಳ್ರೀ," ಎಂದಳು ಪಕ್ಕದಲ್ಲೇ ನಿಂತಿದ್ದ ಹೆಂಡತಿ. "ನಾನು ಹೇಗೆ ಓಡಿಸ್ತೀನಿ ಅಂತ ಒಂದ್ಸಲನಾದ್ರೂ ನಾನೇ ನೋಡ್ಬೇಕು."

"ವಿಡಿಯೋನ ಗೆಳೆಯರೆಲ್ಲ ನೋಡ್ತಾರೆ ಕಣೇ!"

"ನೋಡ್ಲಿ ಬಿಡಿ, ಹುಲಿ ಯಾವ ಸೀಟಲ್ಲಿ ಕೂತಿತ್ತು ಅಂತ."

ಅವಳು ನಗಲಿಲ್ಲ. ತಮಾಷೆಯೋ, ಇಪ್ಪತ್ತು ವರ್ಷದ ಸಿಟ್ಟೋ? ಕಂಡಕಂಡವರನ್ನೆಲ್ಲ ಬೇಸ್ತು ಬೀಳಿಸಿದ ನನಗೆ ಇವಳ ಮುಖ ಓದಲು ಬರಲಿಲ್ಲ.

ನಿಜ ಹೇಳಬೇಕೆಂದರೆ, ಅವಳು ಓಡಿಸುವುದನ್ನು ನಾನೂ ನೋಡಿಲ್ಲ. ಆ ಏರಿನಲ್ಲಿ ಪ್ರತಿಸಲ ಕಣ್ಣು ಮುಚ್ಚಿ ಕೂತಿರುತ್ತೇನೆ. ಆ ಹಾಳು ಡ್ರೋನ್ ಇದನ್ನೂ ತೋರಿಸಿಬಿಟ್ಟರೆ...